ಒಂದು ಇರುಳು, ಒಂದು ಹಗಲು: 'ನಿಕ್ಥೆಮೆರಾನ್' ಪದದ ಚರಿತ್ರೆ

ಒಂದು ದಿನವೆಂದರೆ ಎಷ್ಟು ಹೊತ್ತು? ಪ್ರಾಥಮಿಕ ಶಾಲೆಯ ಮಗುವೂ 24 ಗಂಟೆ ಎಂದು ಥಟ್ಟನೆ ಉತ್ತರಿಸುತ್ತದೆ. ಆದರೆ ಅದೇ ಮಗು "ದಿನವೆಲ್ಲ ಆಡಿದೆ, ರಾತ್ರಿ ಮಲಗಿದೆ" ಎಂದು ಹೇಳುವಾಗ ದಿನ ಎಂಬ ಪದಕ್ಕೆ ಹಗಲು ಎಂಬ ಅರ್ಥ ಮಾತ್ರ ಇರುತ್ತದೆ. ಒಂದೇ ಪದ ಒಮ್ಮೆ ಹಗಲನ್ನು, ಇನ್ನೊಮ್ಮೆ ಹಗಲು ರಾತ್ರಿ ಎರಡನ್ನೂ ಸೂಚಿಸುತ್ತದೆ. ಇಂಗ್ಲಿಷಿನ 'ಡೇ' ಎಂಬ ಪದದ್ದೂ ಇದೇ ಪಾಡು. ಮಾತುಕತೆಯಲ್ಲಿ ಇದರಿಂದ ತೊಂದರೆ ಇಲ್ಲ. ಆದರೆ ಕಾನೂನು, ಖಗೋಳ ವಿಜ್ಞಾನ, ಆರಾಧನೆ, ಇತಿಹಾಸ ಈ ನಾಲ್ಕು ಕ್ಷೇತ್ರಗಳಲ್ಲಿ ಇಂತಹ ಅಸ್ಪಷ್ಟತೆ ನಡೆಯುವುದಿಲ್ಲ.

ನಮ್ಮ ಸಂವಿಧಾನದ 22ನೇ ವಿಧಿಯನ್ನು ನೋಡಿ. ಬಂಧಿತ ವ್ಯಕ್ತಿಯನ್ನು ಒಂದು ದಿನದೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ಅಲ್ಲಿ ಬರೆದಿಲ್ಲ. ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಗಳೊಳಗೆ ಎಂದು ಬರೆಯಲಾಗಿದೆ. 'ದಿನ' ಎಂದಿದ್ದರೆ ಅದು ಯಾವಾಗ ಆರಂಭ, ಯಾವಾಗ ಅಂತ್ಯ ಎಂಬ ವಾದಕ್ಕೆ ಎಡೆಯಾಗುತ್ತಿತ್ತು. ಅದರ ಬೆಲೆಯನ್ನು ಲಾಕಪ್ಪಿನಲ್ಲಿ ಕುಳಿತವನು ತೆರಬೇಕಾಗುತ್ತಿತ್ತು.

ಹಗಲು ರಾತ್ರಿಗಳನ್ನು ಒಟ್ಟುಗೂಡಿಸಿದ ಅವಧಿಗೆ ಇಂಗ್ಲಿಷಿನಲ್ಲಿ ಒಂದು ಪ್ರತ್ಯೇಕ ಪದವಿದೆ. ಅದು 'ನಿಕ್ಥೆಮೆರಾನ್'. ದೊಡ್ಡ ನಿಘಂಟುಗಳಲ್ಲಿ ಮಾತ್ರ ಸಿಗುವ, ಇಂಗ್ಲಿಷ್ ಮಾತೃಭಾಷೆಯವರಲ್ಲೂ ಹೆಚ್ಚಿನವರು ಕೇಳಿರದ ಪದ ಇದು. ಆದರೆ ಇದರ ಬೆನ್ನು ಹತ್ತಿ ಹೋದರೆ ಗ್ರೀಸ್, ಅಲೆಕ್ಸಾಂಡ್ರಿಯ, ಬಗ್ದಾದ್, ಖ್ವಾರಝ್ಮ್ ಮತ್ತು ನಮ್ಮ ಭಾರತವನ್ನು ಬೆಸೆಯುವ ಎರಡು ಸಾವಿರ ವರ್ಷಗಳ ಒಂದು ದಾರಿ ತೆರೆದುಕೊಳ್ಳುತ್ತದೆ. ಆ ದಾರಿಯಲ್ಲಿ ಮುಸ್ಲಿಮ್ ವಿದ್ವಾಂಸರ ಹೆಜ್ಜೆ ಗುರುತುಗಳು ಬಹಳ ಸ್ಪಷ್ಟವಾಗಿವೆ.

ಪದದ ಹುಟ್ಟು

ನಿಕ್ಥೆಮೆರಾನ್ ಗ್ರೀಕ್ ಮೂಲದ ಪದ. ಗ್ರೀಕಿನಲ್ಲಿ 'ನಿಕ್ಸ್' ಎಂದರೆ ರಾತ್ರಿ. ಸಮಾಸದಲ್ಲಿ ಅದು 'ನಿಕ್ತ್' ಎಂದಾಗುತ್ತದೆ. 'ಹೆಮೆರಾ' ಎಂದರೆ ಹಗಲು. ಎರಡೂ ಸೇರಿ 'ಇರುಳು-ಹಗಲು' ಎಂಬ ಒಂದೇ ಪದವಾಗಿದೆ.

ಈ ಎರಡು ಅಂಗಗಳೂ ನಮಗೆ ತೀರಾ ಅಪರಿಚಿತವಲ್ಲ. ಗ್ರೀಕಿನ 'ನಿಕ್ತ್', ಲ್ಯಾಟಿನ್ನಿನ 'ನಾಕ್ಸ್', ಇಂಗ್ಲಿಷಿನ 'ನೈಟ್' ಮತ್ತು ಸಂಸ್ಕೃತದ 'ನಕ್ತ' ಒಂದೇ ಕುಟುಂಬಕ್ಕೆ ಸೇರಿದವು. ಹಳಗನ್ನಡ ಕಾವ್ಯ ಓದಿದವರಿಗೆ ರಾತ್ರಿ ಸಂಚರಿಸುವವನು ಎಂಬ ಅರ್ಥದ 'ನಕ್ತಂಚರ' ಪದ ಗೊತ್ತಿರುತ್ತದೆ. 'ಹೆಮೆರಾ' ಎಂಬುದು ಗ್ರಹಗಳ ದಿನದಿನದ ಸ್ಥಾನ ತಿಳಿಸುವ 'ಎಫೆಮೆರಿಸ್' ಕೋಷ್ಟಕಗಳಲ್ಲಿ ಉಳಿದಿದೆ. ಇಟಲಿಯ ಬೊಕಾಚಿಯೊ ಹತ್ತು ದಿನಗಳಲ್ಲಿ ಹೇಳಿದ ಕಥೆಗಳ ಸಂಗ್ರಹಕ್ಕೆ 'ಡೆಕಮೆರಾನ್' ಎಂದು ಹೆಸರಿಟ್ಟದ್ದೂ ಇದೇ ಪದದಿಂದ.

ಇಂಗ್ಲಿಷಿಗೆ ಗ್ರೀಕಿನಿಂದ ಕಡ ತರಬೇಕಾದ ಈ ಪದಕ್ಕೆ ಸಮಾನವಾದದ್ದು ಕನ್ನಡಿಗರ ನಾಲಗೆಯ ಮೇಲೆ ಮೊದಲಿನಿಂದಲೂ ಇದೆ. ಅದು 'ಅಹೋರಾತ್ರಿ'. ಬೇಡಿಕೆ ಈಡೇರಿಕೆಗಾಗಿ ಅಹೋರಾತ್ರಿ ಧರಣಿ ಎಂದು ಪತ್ರಿಕೆಗಳಲ್ಲಿ ನಾವು ಆಗಾಗ ಓದುತ್ತೇವೆ. ಅಹಸ್ ಎಂದರೆ ಹಗಲು, ಅದರೊಂದಿಗೆ ರಾತ್ರಿ. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಗ್ರೀಕ್ ಪದದಲ್ಲಿ ರಾತ್ರಿ ಮೊದಲು, ಅಹೋರಾತ್ರಿಯಲ್ಲಿ ಹಗಲು ಮೊದಲು. ಪಾರಸಿಯವರ 'ಶಬಾನರೋಝ್' ಎಂಬ ಪದದಲ್ಲೂ 'ಶಬ್' ಅಂದರೆ ರಾತ್ರಿಯೇ ಮೊದಲು. ಸಂಸ್ಕೃತದಲ್ಲಿ 'ನಕ್ತಂದಿವ', 'ರಾತ್ರಿಂದಿವ' ಎಂಬ ರಾತ್ರಿ ಮೊದಲಾದ ಸಮಾಸಗಳೂ ಇವೆ. ಪಾಣಿನಿಯ ವ್ಯಾಕರಣ ಅವನ್ನು ದಾಖಲಿಸಿದೆ. ಡೇನಿಷ್, ನಾರ್ವೇಜಿಯನ್, ಸ್ವೀಡಿಷ್, ಡಚ್, ರಷ್ಯನ್, ಪೋಲಿಷ್, ಫಿನ್ನಿಷ್ ಭಾಷೆಗಳಲ್ಲಿಯೂ ಈ ಪೂರ್ಣ ಅವಧಿಗೆ ಪ್ರತ್ಯೇಕ ಪದಗಳಿದ್ದು, ಜನ ಅವನ್ನು ನಿತ್ಯವೂ ಬಳಸುತ್ತಾರೆ. ಬಡತನವಿರುವುದು ಇಂಗ್ಲಿಷಿನಲ್ಲಿ.

ಹಳೆಯ ದಾಖಲೆಗಳು

ಕ್ರಿ.ಶ. ಒಂದನೇ ಶತಮಾನದಲ್ಲಿ ಪೌಲನು ಕೊರಿಂಥದ ಕ್ರೈಸ್ತರಿಗೆ ಗ್ರೀಕಿನಲ್ಲಿ ಬರೆದ ಎರಡನೇ ಪತ್ರದಲ್ಲಿ ಈ ಪದ ಬರುತ್ತದೆ. ತಾನು ಅನುಭವಿಸಿದ ಕಷ್ಟಗಳನ್ನು ಪಟ್ಟಿ ಮಾಡುತ್ತಾ, ಹಡಗು ಒಡೆದು ಒಂದು ನಿಕ್ಥೆಮೆರಾನ್ ಕಾಲ ಸಮುದ್ರದಲ್ಲಿ ಕಳೆದೆ ಎಂದು ಆತ ಹೇಳುತ್ತಾನೆ. ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಇದೊಂದೇ ಕಡೆ. ಇಂಗ್ಲಿಷಿಗೆ ಭಾಷಾಂತರಿಸಿದವರು ಅದನ್ನು ಒಂದೇ ಪದದಲ್ಲಿ ಹೇಳಲಾಗದೆ 'ಒಂದು ರಾತ್ರಿ ಮತ್ತು ಒಂದು ಹಗಲು' ಎಂದು ಬಿಡಿಸಿ ಬರೆಯಬೇಕಾಯಿತು.

ಆದರೆ ಈ ಪದ ಗಟ್ಟಿಯಾಗಿ ನೆಲೆಯೂರಿದ್ದು ಖಗೋಳಜ್ಞರ ಕೈಯಲ್ಲಿ. ಕ್ರಿ.ಶ. ಎರಡನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದ ಟಾಲೆಮಿಯ ಮಹಾಗ್ರಂಥದ ಮೂರನೇ ಭಾಗದಲ್ಲಿ ನಿಕ್ಥೆಮೆರಾನ್‌ಗಳು ಒಂದಕ್ಕೊಂದು ಸಮನಾಗಿಲ್ಲ ಎಂಬ ವಿಷಯಕ್ಕೆಂದೇ ಒಂದು ಅಧ್ಯಾಯವಿದೆ. ಇದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

24 ಗಂಟೆಗಳು ಬಂದದ್ದು ಎಲ್ಲಿಂದ?

ಹಗಲನ್ನು 12 ಪಾಲು, ರಾತ್ರಿಯನ್ನು 12 ಪಾಲು ಮಾಡಿದವರು ಪ್ರಾಚೀನ ಈಜಿಪ್ಟಿನವರು. ರಾತ್ರಿಯಲ್ಲಿ ಒಂದರ ನಂತರ ಒಂದು ಮೂಡುವ ನಕ್ಷತ್ರಗಳನ್ನು ನೋಡಿ ಅವರು ಹೊತ್ತು ಅಳೆಯುತ್ತಿದ್ದರು. ಕಾರ್ನಾಕಿನಲ್ಲಿ ಸಿಕ್ಕಿದ ಮೂರನೇ ಅಮೆನ್‌ಹೋಟೆಪನ ಕಾಲದ, ಅಂದರೆ ಕ್ರಿ.ಪೂ. 14ನೇ ಶತಮಾನದ ನೀರಿನ ಗಡಿಯಾರದಲ್ಲಿ ತಿಂಗಳು ತಿಂಗಳಿಗೂ ಬೇರೆ ಬೇರೆ ಅಳತೆಯ ಗುರುತುಗಳಿವೆ. ಏಕೆಂದರೆ ಅವರ ಗಂಟೆ ಸ್ಥಿರವಾದುದಲ್ಲ. ಬೇಸಿಗೆಯಲ್ಲಿ ಹಗಲಿನ ಗಂಟೆ ಉದ್ದ, ರಾತ್ರಿಯ ಗಂಟೆ ಗಿಡ್ಡ. ಚಳಿಗಾಲದಲ್ಲಿ ಇದಕ್ಕೆ ವಿರುದ್ಧ.

ಬ್ಯಾಬಿಲೋನಿನವರ ದಾರಿ ಬೇರೆ. ಅವರು ಹಗಲು ರಾತ್ರಿಗಳನ್ನು ಒಟ್ಟಿಗೆ ತೆಗೆದುಕೊಂಡು 12 ಸಮಪಾಲು ಮಾಡಿದರು. ಪ್ರತಿ ಪಾಲನ್ನು ಮತ್ತೆ 30 ಭಾಗ ಮಾಡಿದರು. ಹೀಗೆ ಇಡೀ ಅವಧಿ 360 ಭಾಗಗಳಾಯಿತು. ಒಂದು ಭಾಗ ನಮ್ಮ 4 ನಿಮಿಷಗಳಿಗೆ ಸಮ. ಗ್ರೀಕ್ ಖಗೋಳಜ್ಞರು ಈಜಿಪ್ಟಿನಿಂದ 24 ಎಂಬ ಸಂಖ್ಯೆಯನ್ನೂ ಬ್ಯಾಬಿಲೋನಿನಿಂದ ಸಮಪಾಲು ಎಂಬ ವಿಚಾರವನ್ನೂ ತೆಗೆದುಕೊಂಡು 24 ಸಮ ಗಂಟೆಗಳ ನಿಕ್ಥೆಮೆರಾನ್ ರೂಪಿಸಿದರು. ಇಂದು ನಮ್ಮ ಕೈಗಡಿಯಾರದಲ್ಲಿರುವುದು ಅದೇ.

ಇಲ್ಲಿ ಟಾಲೆಮಿಯ ಸಮಸ್ಯೆ ಬರುತ್ತದೆ. ಸೂರ್ಯ ನೆತ್ತಿಯ ರೇಖೆಯನ್ನು ದಾಟಿದ ಕ್ಷಣದಿಂದ ಮರುದಿನ ಮತ್ತೆ ದಾಟುವ ಕ್ಷಣದವರೆಗೆ ಅಳೆದರೆ ಆ ಅವಧಿ ವರ್ಷವಿಡೀ ಒಂದೇ ಆಗಿರುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ಅದು 24 ಗಂಟೆಗಿಂತ ಸುಮಾರು 30 ಸೆಕೆಂಡು ಹೆಚ್ಚು. ಸೆಪ್ಟೆಂಬರ್ ಮಧ್ಯದಲ್ಲಿ ಸುಮಾರು 20 ಸೆಕೆಂಡು ಕಡಿಮೆ. ಆಕಾಶದಲ್ಲಿ ಸೂರ್ಯನ ವಾರ್ಷಿಕ ಚಲನೆ ಒಂದೇ ವೇಗದ್ದಲ್ಲ. ಅವನ ಪಥವೂ ವಿಷುವದ್ವೃತ್ತಕ್ಕೆ ಓರೆಯಾಗಿದೆ. ಈ ಎರಡು ಕಾರಣಗಳನ್ನೂ ಟಾಲೆಮಿ ಗುರುತಿಸಿದ್ದ. ದಿನಕ್ಕೆ ಕೆಲವೇ ಸೆಕೆಂಡು ಎಂದು ಕಡೆಗಣಿಸುವಂತಿಲ್ಲ. ಅವು ಕೂಡುತ್ತಾ ಹೋಗಿ ವರ್ಷದ ಎರಡು ಕಾಲಗಳ ನಡುವೆ ಸುಮಾರು ಅರ್ಧ ಗಂಟೆಯ ಅಂತರವಾಗುತ್ತದೆ. ಅರ್ಧ ಗಂಟೆಯಲ್ಲಿ ಚಂದ್ರ ಆಕಾಶದಲ್ಲಿ ತನ್ನ ಬಿಂಬದ ಅರ್ಧದಷ್ಟು ಮುಂದೆ ಹೋಗಿರುತ್ತಾನೆ. ಗ್ರಹಣ ಲೆಕ್ಕ ಹಾಕುವವರಿಗೆ ಇದು ದೊಡ್ಡ ತಪ್ಪು.

ದಿನದ ಆರಂಭ ಎಲ್ಲಿ?

ಹಗಲು ರಾತ್ರಿ ಸೇರಿ ಒಂದು ಸುತ್ತು. ಸುತ್ತಿಗೆ ತುದಿ ಮೊದಲುಗಳಿಲ್ಲ. ಎಲ್ಲಾದರೂ ಒಂದು ಕಡೆ ಗೆರೆ ಎಳೆದು ಇಲ್ಲಿಂದ ಹೊಸ ದಿನ ಎಂದು ಜನ ಒಪ್ಪಿಕೊಳ್ಳಬೇಕು. ಈ ಗೆರೆಯನ್ನು ಒಂದೊಂದು ಜನಾಂಗ ಒಂದೊಂದು ಕಡೆ ಎಳೆದಿದೆ. ರೋಮಿನ ಲೇಖಕ ಪ್ಲಿನಿ ಒಂದನೇ ಶತಮಾನದಲ್ಲೇ ಇದನ್ನು ಪಟ್ಟಿ ಮಾಡಿದ್ದಾನೆ. ಅಥೆನ್ಸಿನವರು ಸೂರ್ಯಾಸ್ತದಿಂದ ಸೂರ್ಯಾಸ್ತಕ್ಕೆ, ಇಟಲಿಯ ಉಂಬ್ರಿಯದವರು ನಡುಹಗಲಿನಿಂದ ನಡುಹಗಲಿಗೆ, ರೋಮಿನ ಅರ್ಚಕರು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಎಣಿಸುತ್ತಿದ್ದರೆಂದು ಅವನು ಹೇಳುತ್ತಾನೆ. ಬ್ಯಾಬಿಲೋನಿನವರದು ಸೂರ್ಯೋದಯ ಎಂದೂ ಬರೆದಿದ್ದಾನೆ. ಆದರೆ ಮಣ್ಣಿನ ಫಲಕಗಳ ಮೇಲೆ ಬ್ಯಾಬಿಲೋನಿನವರೇ ಬರೆದಿಟ್ಟ ಲೆಕ್ಕಗಳನ್ನು ವಿದ್ವಾಂಸರು ಓದಿದಾಗ ಅವರ ದಿನವೂ ಸೂರ್ಯಾಸ್ತದಿಂದಲೇ ಆರಂಭವಾಗುತ್ತಿತ್ತೆಂದು ಗೊತ್ತಾಯಿತು.

ಯಹೂದಿಯರ ಸಬ್ಬತ್ ಇಂದಿಗೂ ಶುಕ್ರವಾರದ ಸೂರ್ಯಾಸ್ತದಿಂದ ಆರಂಭವಾಗುತ್ತದೆ. ಉತ್ತರ ಯುರೋಪಿನ ಹಳೆಯ ಜನಾಂಗಗಳದ್ದೂ ಇದೇ ಕ್ರಮ. ಗಾಲ್ ಜನರು ಕಾಲವನ್ನು ರಾತ್ರಿಗಳಿಂದ ಎಣಿಸುತ್ತಾರೆ ಎಂದು ಸೀಸರ್, ಜರ್ಮನ್ನರೂ ಹಾಗೆಯೇ ಎಂದು ಟಾಸಿಟಸ್ ಬರೆದಿದ್ದಾರೆ. ಈ ಪದ್ಧತಿಯ ಪಳೆಯುಳಿಕೆ ಇಂಗ್ಲಿಷಿನಲ್ಲೇ ಇದೆ. ಎರಡು ವಾರಕ್ಕೆ ಇಂಗ್ಲಿಷಿನವರು 'ಫೋರ್ಟ್‌ನೈಟ್' ಎನ್ನುತ್ತಾರೆ. ಅದು 'ಹದಿನಾಲ್ಕು ರಾತ್ರಿ' ಎಂಬುದರ ಸಂಕ್ಷಿಪ್ತ ರೂಪ. ಒಂದು ವಾರಕ್ಕೆ ಹಿಂದೆ 'ಸೆನೈಟ್', ಅಂದರೆ ಏಳು ರಾತ್ರಿ ಎನ್ನುತ್ತಿದ್ದರು. ಕ್ರಿಸ್ಮಸ್ಸಿನ ಹಿಂದಿನ ಸಂಜೆಯೇ ಹಬ್ಬದ ಸಂಭ್ರಮ ತೊಡಗುವುದರ ಹಿಂದೆಯೂ ಇದೇ ಎಣಿಕೆಯಿದೆ.

ಅರಬರ ದಿನವೂ ಸೂರ್ಯಾಸ್ತದಿಂದ ಆರಂಭ. ತಿಂಗಳು ಶುರುವಾಗುವುದು ಹೊಸ ಚಂದ್ರ ಕಂಡಾಗ, ಹೊಸ ಚಂದ್ರ ಕಾಣುವುದು ಸೂರ್ಯ ಮುಳುಗಿದ ಬಳಿಕ ಪಶ್ಚಿಮದಲ್ಲಿ. ತಿಂಗಳು ಸಂಜೆ ಆರಂಭವಾದ ಮೇಲೆ ಅದರ ಮೊದಲ ದಿನವೂ ಸಂಜೆಯೇ ಆರಂಭವಾಗಬೇಕಲ್ಲವೇ? ಆದುದರಿಂದಲೇ ರಮಝಾನಿನ ಮೊದಲ ಉಪವಾಸಕ್ಕೆ ಮುನ್ನವೇ ಮೊದಲ ತರಾವೀಹ್ ನಡೆಯುತ್ತದೆ. 26ನೇ ಉಪವಾಸ ತೊರೆದ ಬಳಿಕ ಬರುವುದೇ 27ನೇ ರಾತ್ರಿ. ಉರ್ದುವಿನಲ್ಲಿ ಗುರುವಾರಕ್ಕೆ 'ಜುಮೇರಾತ್' ಎನ್ನುತ್ತಾರೆ. ಪದವನ್ನು ಬಿಡಿಸಿ ನೋಡಿದರೆ ಅದು 'ಜುಮಾದ ರಾತ್', ಅಂದರೆ ಶುಕ್ರವಾರದ ರಾತ್ರಿ. ಗುರುವಾರದ ಇರುಳು ಶುಕ್ರವಾರಕ್ಕೆ ಸೇರಿದ್ದು ಎಂಬ ಲೆಕ್ಕ ಒಂದು ವಾರದ ಹೆಸರಿನಲ್ಲೇ ಅಡಗಿ ಕುಳಿತಿದೆ. ಅದನ್ನು ದಿನವೂ ಉಚ್ಚರಿಸುವ ನಾವು ಗಮನಿಸಿಲ್ಲವಷ್ಟೆ.

ಯೌಮ್ ಮತ್ತು ನಹಾರ್

ಅರಬಿಯಲ್ಲಿ 'ನಹಾರ್' ಎಂದರೆ ಹಗಲು, 'ಲೈಲ್' ಎಂದರೆ ರಾತ್ರಿ, 'ಯೌಮ್' ಎಂದರೆ ದಿನ. ನಮ್ಮ ಹಗಲು, ರಾತ್ರಿ, ದಿನ ಎಂಬ ಮೂರು ಪದಗಳಿಗೆ ಇವು ಸರಿಸಮ. ಯೌಮ್ ಪದದೊಳಗೆ ರಾತ್ರಿಯೂ ಸೇರಿದೆ ಎಂಬುದಕ್ಕೆ ಪವಿತ್ರ ಕುರ್‌ಆನಿನಲ್ಲಿ ಒಂದು ಸುಂದರ ನಿದರ್ಶನವಿದೆ. ಪ್ರವಾದಿ ಝಕರಿಯ್ಯಾ(ಅ)ರಿಗೆ ವೃದ್ಧಾಪ್ಯದಲ್ಲಿ ಪುತ್ರನ ಸುವಾರ್ತೆ ದೊರೆತಾಗ ಅವರು ಒಂದು ಕುರುಹನ್ನು ಬೇಡಿದರು. ಜನರೊಡನೆ ಮಾತನಾಡಲಾಗದಿರುವುದೇ ಆ ಕುರುಹು. ಈ ಅವಧಿ ಮೂರನೇ ಅಧ್ಯಾಯದಲ್ಲಿ (3:41) ಮೂರು ದಿನ ಎಂದಿದ್ದರೆ, ಹತ್ತೊಂಬತ್ತನೇ ಅಧ್ಯಾಯದಲ್ಲಿ (19:10) ಮೂರು ರಾತ್ರಿ ಎಂದಿದೆ. ವ್ಯಾಖ್ಯಾನಕಾರರು ಎರಡನ್ನೂ ಜೋಡಿಸಿ ಓದಿ ಮೂರು ಹಗಲು ಮತ್ತು ಮೂರು ರಾತ್ರಿ ಎಂದು ಅರ್ಥೈಸಿದ್ದಾರೆ.

ನಿಖರತೆ ಬೇಕಾದಾಗ ಎರಡನ್ನೂ ಹೆಸರಿಸುವ ವಾಡಿಕೆಯೂ ಇತ್ತು. ಹದೀಸ್‌ಗಳಲ್ಲಿ ಐದು ನಮಾಝ್‌ಗಳು 'ಹಗಲು ಮತ್ತು ರಾತ್ರಿಯಲ್ಲಿ' ಕಡ್ಡಾಯ ಎಂದು ಬರುತ್ತದೆ. ವುಝೂ ವೇಳೆ ಕಾಲುಚೀಲದ ಮೇಲೆ ಸವರುವ ರಿಯಾಯಿತಿ ಊರಲ್ಲಿರುವವನಿಗೆ ಒಂದು ಹಗಲು ಒಂದು ರಾತ್ರಿ, ಪ್ರಯಾಣಿಕನಿಗೆ ಮೂರು ಹಗಲು ಮೂರು ರಾತ್ರಿ. ಪ್ರಯಾಣಿಕನ ಪಾಲಿಗೆ ಇದು ಶಬ್ದದ ಜಗಳವಲ್ಲ; ಯಾವ ಹೊತ್ತಿಗೆ ತನ್ನ ಅವಧಿ ಮುಗಿಯಿತು ಎಂಬ ನೇರ ಲೆಕ್ಕ.

ಹೀಗಾಗಿ 9ನೇ ಶತಮಾನದಲ್ಲಿ ಬಗ್ದಾದಿನ ವಿದ್ವಾಂಸರು ಟಾಲೆಮಿಯ ಗ್ರಂಥವನ್ನು ಅರಬಿಗೆ ತಂದಾಗ ನಿಕ್ಥೆಮೆರಾನ್ ಪದಕ್ಕಾಗಿ ಅವರು ಹುಡುಕಾಡಬೇಕಾಗಲಿಲ್ಲ. 'ಯೌಮ್ ಬಿ ಲೈಲತಿಹಿ', ಅಂದರೆ 'ತನ್ನ ರಾತ್ರಿಯೊಡನೆ ಕೂಡಿದ ದಿನ' ಎಂದರು. ಅಲ್ ಹಜ್ಜಾಜ್ ಇಬ್ನ್ ಯೂಸುಫ್ ಇಬ್ನ್ ಮತರ್ ಒಂದು ಅನುವಾದ ಮಾಡಿದರು. ಇಸ್‌ಹಾಕ್ ಇಬ್ನ್ ಹುನೈನ್ ಮಾಡಿದ ಇನ್ನೊಂದು ಅನುವಾದವನ್ನು ಸಾಬಿತ್ ಇಬ್ನ್ ಕುರ್ರಾ ಪರಿಷ್ಕರಿಸಿದರು. ಗ್ರಂಥದ ಅರಬಿ ಹೆಸರಾದ 'ಅಲ್ ಮಜಿಸ್ತೀ' ಎಂಬುದೇ ಯುರೋಪಿನಲ್ಲಿ 'ಅಲ್ಮಜೆಸ್ಟ್' ಆಯಿತು. 1175ರಲ್ಲಿ ಸ್ಪೇನಿನ ತುಲೈತುಲಾ, ಅಂದರೆ ಟೊಲೆಡೊ ನಗರದಲ್ಲಿ ಕ್ರೆಮೋನಾದ ಜೆರಾರ್ಡ್ ಅದನ್ನು ಅರಬಿಯಿಂದಲೇ ಲ್ಯಾಟಿನ್ನಿಗೆ ತಂದ.

ನಿಕ್ಥೆಮೆರಾನ್‌ಗಳ ಏರುಪೇರನ್ನು ಸರಿಪಡಿಸುವ ಲೆಕ್ಕಕ್ಕೆ ಅರಬಿಯಲ್ಲಿ 'ತ‌ಅದೀಲುಲ್ ಅಯ್ಯಾಮ್ ಬಿ ಲಯಾಲೀಹಾ' ಎಂದು ಹೆಸರಾಯಿತು: ದಿನಗಳನ್ನು ಅವುಗಳ ರಾತ್ರಿಗಳೊಡನೆ ಸಮಗೊಳಿಸುವುದು. ರಕ್ಕಾದಲ್ಲಿ ದಶಕಗಳ ಕಾಲ ಆಕಾಶ ವೀಕ್ಷಿಸಿ 929ರಲ್ಲಿ ನಿಧನರಾದ ಅಲ್ ಬತ್ತಾನಿಯವರಂತಹ ಖಗೋಳಜ್ಞರು ಇದಕ್ಕಾಗಿ ಕೋಷ್ಟಕಗಳನ್ನು ರಚಿಸಿದರು. 14ನೇ ಶತಮಾನದಲ್ಲಿ ದಮಾಸ್ಕಸಿನ ಉಮವೀ ಮಸೀದಿಯಲ್ಲಿ ಸಮಯಪಾಲಕರಾಗಿದ್ದ ಇಬ್ನ್ ಶಾತಿರ್ ಆ ಕಾಲದ ಅತಿ ಶ್ರೇಷ್ಠ ನೆರಳು ಗಡಿಯಾರಗಳಲ್ಲೊಂದನ್ನು ನಿರ್ಮಿಸಿದರು. ಮಸೀದಿಯ ಸಮಯಪಾಲಕನ ಹುದ್ದೆಯಲ್ಲಿ ಉನ್ನತ ದರ್ಜೆಯ ಖಗೋಳಜ್ಞರು ಇದ್ದ ಕಾಲವದು.

ಈ ಲೆಕ್ಕ ಇಂದಿಗೂ ನಮ್ಮ ಮಸೀದಿಗಳ ಗೋಡೆಯ ಮೇಲಿದೆ. ನಮಾಝ್ ವೇಳಾಪಟ್ಟಿಯಲ್ಲಿ ಝುಹ್ರ್ ಆರಂಭದ ಸಮಯವನ್ನು ವರ್ಷವಿಡೀ ಗಮನಿಸಿ. ಬೆಂಗಳೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ನವೆಂಬರ್ ಆರಂಭದಲ್ಲಿ ಸುಮಾರು 12.03ಕ್ಕೆ, ಫೆಬ್ರವರಿ ಮಧ್ಯದಲ್ಲಿ ಸುಮಾರು 12.34ಕ್ಕೆ. ಪಶ್ಚಿಮಕ್ಕಿರುವ ಮಂಗಳೂರಿನಲ್ಲಿ ಇದು ಸುಮಾರು 12.14 ಮತ್ತು 12.45. ಎರಡು ಊರುಗಳ ನಡುವಿನ ಅಂತರ ರೇಖಾಂಶದ್ದು. ಒಂದೇ ಊರಿನಲ್ಲಿ ಕಾಣುವ ಅರ್ಧ ಗಂಟೆಯ ಓಲಾಟವಾದರೋ ಟಾಲೆಮಿ ವಿವರಿಸಿದ, ಅಲ್ ಬತ್ತಾನಿ ಕೋಷ್ಟಕ ಬರೆದ ಅದೇ ಏರುಪೇರು.

ಅಲ್ ಬಿರೂನಿ ಮತ್ತು ಅಹೋರಾತ್ರ

973ರಲ್ಲಿ ಮಧ್ಯ ಏಷ್ಯಾದ ಖ್ವಾರಝ್ಮ್‌ನಲ್ಲಿ ಹುಟ್ಟಿದ ಅಬೂ ರೈಹಾನ್ ಅಲ್ ಬಿರೂನಿ ಕ್ರಿ.ಶ. 1000ರ ಸುಮಾರಿಗೆ 'ಅಲ್ ಆಸಾರುಲ್ ಬಾಕಿಯ' ಎಂಬ ಗ್ರಂಥ ಬರೆದರು. ಪ್ರಾಚೀನ ಜನಾಂಗಗಳ ಶಕೆಗಳು, ತಿಂಗಳುಗಳು, ಹಬ್ಬಗಳನ್ನು ತೌಲನಿಕವಾಗಿ ಚರ್ಚಿಸುವ ಗ್ರಂಥವದು. ಅದರ ಮೊದಲ ಅಧ್ಯಾಯವೇ ಹಗಲು ರಾತ್ರಿಗಳ ಸ್ವರೂಪ ಮತ್ತು ಅವುಗಳ ಆರಂಭದ ಕುರಿತಾದದ್ದು. ಆರಂಭದ ಬಿಂದು ಎಲ್ಲಿಯಾದರೂ ಆಗಬಹುದು, ಜನರ ಒಪ್ಪಂದವೇ ಅದನ್ನು ನಿರ್ಧರಿಸುತ್ತದೆ ಎಂಬುದು ಬಿರೂನಿಯ ನಿಲುವು. ಅರಬರು ಸೂರ್ಯಾಸ್ತವನ್ನು ಆರಿಸಿಕೊಂಡದ್ದಕ್ಕೆ ಚಂದ್ರದರ್ಶನವೇ ಕಾರಣವೆಂದು ಅವರು ವಿವರಿಸುತ್ತಾರೆ. ರೋಮನ್ನರು ಮತ್ತು ಪಾರಸಿಗಳಿಗೆ ಹಗಲು ಮೊದಲು ಎನ್ನುತ್ತಾರೆ. ಖಗೋಳಜ್ಞರು ನಡುಹಗಲನ್ನು ಆರಿಸಿದ್ದೇಕೆಂದೂ ತಿಳಿಸುತ್ತಾರೆ. ಸೂರ್ಯೋದಯ ಸೂರ್ಯಾಸ್ತಗಳ ಹೊತ್ತು ಋತು ಮತ್ತು ಊರಿಗೆ ತಕ್ಕಂತೆ ಬದಲಾಗುತ್ತದೆ. ನೆತ್ತಿಯ ರೇಖೆಯನ್ನು ದಾಟುವುದರಲ್ಲಿ ಆ ಗೊಂದಲವಿಲ್ಲ. ಯಾವ ಪದ್ಧತಿಯನ್ನೂ ಹೀಗಳೆಯದೆ ಪ್ರತಿಯೊಂದರ ಹಿಂದಿನ ತರ್ಕವನ್ನು ಹುಡುಕುವ ಈ ಕ್ರಮ ಸಾವಿರ ವರ್ಷಗಳ ಹಿಂದಿನದು ಎಂಬುದನ್ನು ನೆನೆದರೆ ಅಚ್ಚರಿಯಾಗುತ್ತದೆ.

ಮುಂದೆ ಭಾರತಕ್ಕೆ ಬಂದ ಬಿರೂನಿ ಸಂಸ್ಕೃತ ಕಲಿತು 1030ರ ಸುಮಾರಿಗೆ ಭಾರತದ ಕುರಿತು ಬೃಹತ್ ಗ್ರಂಥ ರಚಿಸಿದರು. ಅದರಲ್ಲಿ ಎರಡು ಅಧ್ಯಾಯಗಳು ಭಾರತೀಯರ ಅಹೋರಾತ್ರದ ಬಗೆಗಳು ಮತ್ತು ಅದರ ವಿಭಜನೆಗೆ ಮೀಸಲು. ಮನುಷ್ಯರ ಅಹೋರಾತ್ರ, ಒಂದು ಚಾಂದ್ರಮಾಸಕ್ಕೆ ಸಮನಾದ ಪಿತೃಗಳ ಅಹೋರಾತ್ರ, ಒಂದು ವರ್ಷಕ್ಕೆ ಸಮನಾದ ದೇವತೆಗಳ ಅಹೋರಾತ್ರ ಇವೆಲ್ಲವನ್ನೂ ಅವರು ದಾಖಲಿಸಿದ್ದಾರೆ. ಒಂದು ಅಹೋರಾತ್ರಕ್ಕೆ 30 ಮುಹೂರ್ತ, 60 ಘಳಿಗೆ. ನಾವು "ಒಂದು ಘಳಿಗೆ ತಡೆಯಪ್ಪಾ" ಎನ್ನುವಾಗ ಲೆಕ್ಕದ ಪ್ರಕಾರ 24 ನಿಮಿಷ ಕೇಳಿದಂತಾಯಿತು. ಭಾರತದಲ್ಲಿಯೂ ಆರಂಭದ ಬಗ್ಗೆ ಏಕಮತವಿರಲಿಲ್ಲ. ಆರ್ಯಭಟನ ಹೆಸರಿನಲ್ಲೇ ಸೂರ್ಯೋದಯದಿಂದ ಎಣಿಸುವ ಒಂದು ಪದ್ಧತಿ, ಮಧ್ಯರಾತ್ರಿಯಿಂದ ಎಣಿಸುವ ಇನ್ನೊಂದು ಪದ್ಧತಿ ಇತ್ತು. ಪಂಚಾಂಗದ ವಾರ ಇಂದಿಗೂ ಸೂರ್ಯೋದಯದಿಂದ ಸೂರ್ಯೋದಯಕ್ಕೆ.

ಇಲ್ಲೊಂದು ಸ್ವಾರಸ್ಯವಿದೆ. 6ನೇ ಶತಮಾನದ ವರಾಹಮಿಹಿರ 'ಹೋರಾ' ಎಂಬ ಪದವನ್ನು ವಿವರಿಸುತ್ತಾ, 'ಅಹೋರಾತ್ರ'ದ ಮೊದಲ ಮತ್ತು ಕೊನೆಯ ಅಕ್ಷರಗಳನ್ನು ತೆಗೆದರೆ ಉಳಿಯುವುದೇ ಹೋರಾ ಎಂಬ ಅಭಿಪ್ರಾಯವನ್ನು ಉಲ್ಲೇಖಿಸುತ್ತಾನೆ. ಆದರೆ ಹೋರಾ ಗ್ರೀಕಿನಿಂದ ಬಂದ ಪದ ಎಂಬುದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಇಂಗ್ಲಿಷಿನ 'ಅವರ್' ಪದದ ಮೂಲವೂ ಅದೇ. ಬಂದ ಅತಿಥಿ ಮನೆಯವನೇ ಎನಿಸಿಬಿಡುವಷ್ಟು ಬೆರೆತುಹೋದ ಉದಾಹರಣೆ ಇದು.

ಇಂಗ್ಲಿಷಿಗೆ ಬಂದ ಬಗೆ

ನಿಕ್ಥೆಮೆರಾನ್ ಪದ 17ನೇ ಶತಮಾನದ ವೇಳೆಗೆ ಇಂಗ್ಲಿಷ್ ವಿದ್ವಾಂಸರ ಬರಹಗಳಲ್ಲಿ ಕಾಣಿಸಿಕೊಂಡಿತು. ಗ್ರೀಕ್ ಬಲ್ಲ ಪಂಡಿತರ ವಲಯ ಬಿಟ್ಟು ಅದು ಹೊರಗೆ ಬರಲೇ ಇಲ್ಲ. ಆದರೆ 19ನೇ ಶತಮಾನದಲ್ಲಿ ಜರ್ಮನ್ ವಿದ್ವಾಂಸ ಎಡ್ವರ್ಡ್ ಸಖಾವ್ ಅಲ್ ಬಿರೂನಿಯ ಈ ಎರಡೂ ಗ್ರಂಥಗಳನ್ನು ಇಂಗ್ಲಿಷಿಗೆ ಅನುವಾದಿಸಿದಾಗ (1879 ಮತ್ತು 1888) ಬಿರೂನಿಯ 'ಯೌಮ್ ಬಿ ಲೈಲತಿಹಿ'ಗೆ ಸರಿಯಾದ ಇಂಗ್ಲಿಷ್ ಪದ ಬೇಕಾಯಿತು. 'ಡೇ' ಎಂದರೆ ಸಾಲುತ್ತಿರಲಿಲ್ಲ. ಅವರು ಆರಿಸಿಕೊಂಡದ್ದು ನಿಕ್ಥೆಮೆರಾನ್. ಗ್ರೀಕಿನಿಂದ ಅರಬಿಗೆ ಹೋದ ಪರಿಕಲ್ಪನೆ ಸಾವಿರ ವರ್ಷಗಳ ಬಳಿಕ ಅರಬಿಯಿಂದ ಇಂಗ್ಲಿಷಿಗೆ ಬರುವಾಗ ತನ್ನ ಹಳೆಯ ಗ್ರೀಕ್ ಅಂಗಿಯನ್ನೇ ತೊಟ್ಟು ಬಂದಿತು.

ಅಷ್ಟರಲ್ಲಿ ಜಗತ್ತು ಬದಲಾಗಿತ್ತು. ರೈಲು ಮತ್ತು ತಂತಿ ಟಪಾಲು ಬಂದು ಊರಿಗೊಂದು ಸಮಯ ನಡೆಯದಾಯಿತು. 1884ರ ಅಕ್ಟೋಬರಿನಲ್ಲಿ 25 ದೇಶಗಳ ಪ್ರತಿನಿಧಿಗಳು ವಾಷಿಂಗ್ಟನ್ನಿನಲ್ಲಿ ಸೇರಿ ಗ್ರೀನಿಚ್ ರೇಖೆಯನ್ನು ಆಧಾರವಾಗಿಟ್ಟುಕೊಂಡರು. ಸಾರ್ವತ್ರಿಕ ದಿನ ಅಲ್ಲಿನ ಮಧ್ಯರಾತ್ರಿಯಿಂದ ಆರಂಭವೆಂದು ತೀರ್ಮಾನಿಸಿದರು. ಅಲ್ಲಿದ್ದ ಉಸ್ಮಾನೀ ತುರ್ಕಿಯ ಪ್ರತಿನಿಧಿ ತನ್ನ ದೇಶದಲ್ಲಿ ಎರಡು ಎಣಿಕೆಗಳಿವೆ, ಸೂರ್ಯಾಸ್ತದಿಂದ ಎಣಿಸುವ ಜನರೇ ಹೆಚ್ಚು ಎಂದು ತಿಳಿಸಿದ್ದರು. ಅಲ್ಲಿ ಪ್ರತಿ ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಗಡಿಯಾರವನ್ನು 12ಕ್ಕೆ ಹೊಂದಿಸುತ್ತಿದ್ದರು. 1926ರ ಆರಂಭದಿಂದ ತುರ್ಕಿಯೂ ಮಧ್ಯರಾತ್ರಿಯಿಂದ ಎಣಿಸುವ 24 ಗಂಟೆಗಳ ದಿನಕ್ಕೆ ಬದಲಾಯಿತು. ಅದಕ್ಕೆ ಒಂದು ವರ್ಷ ಮುಂಚೆ, 1925ರ ಜನವರಿ 1ರಿಂದ, ಖಗೋಳಜ್ಞರು ತಮ್ಮ ಪಂಚಾಂಗಗಳಲ್ಲಿ ಟಾಲೆಮಿಯ ಕಾಲದಿಂದ ಬಂದ ನಡುಹಗಲಿನ ಆರಂಭವನ್ನು ಕೈಬಿಟ್ಟು ಮಧ್ಯರಾತ್ರಿಗೆ ಬಂದಿದ್ದರು.

ಎಲ್ಲರ ದಿನವೂ ಒಂದೇ ಕಡೆ ಆರಂಭವಾಗತೊಡಗಿದ ಮೇಲೆ 'ದಿನ' ಎಂದರೆ 24 ಗಂಟೆ ಎಂಬುದು ರೂಢಿಯಾಯಿತು. ನಿಕ್ಥೆಮೆರಾನ್ ನಿಘಂಟಿನ ಮೂಲೆ ಸೇರಿತು. ಆದರೂ ಪೂರ್ತಿ ಸಾಯಲಿಲ್ಲ. ದೇಹದ ನಿದ್ದೆ, ಎಚ್ಚರ, ತಾಪ, ರಕ್ತದೊತ್ತಡಗಳು ಹಗಲಿರುಳಿನ ಸುತ್ತಿಗೆ ತಕ್ಕಂತೆ ಏರಿಳಿಯುವುದನ್ನು ವರ್ಣಿಸಲು ವೈದ್ಯವಿಜ್ಞಾನಿಗಳು, ವಿಶೇಷವಾಗಿ ಫ್ರೆಂಚರು, ಅದರ ವಿಶೇಷಣ ರೂಪವನ್ನು ಬಳಸುತ್ತಾರೆ. 1959ರಲ್ಲಿ ಫ್ರಾಂಜ್ ಹಾಲ್ಬರ್ಗ್ ಇಂತಹ ದೇಹಲಯಕ್ಕೆ ಲ್ಯಾಟಿನ್ ಮೂಲದಿಂದ 'ಸರ್ಕೇಡಿಯನ್' ಎಂಬ ಹೊಸ ಪದ ಟಂಕಿಸಿದರು. 'ಸುಮಾರು ಒಂದು ದಿನದ' ಎಂಬುದು ಅದರ ಅರ್ಥ. ಈ ಲಯದ ಹಿಂದಿನ ಜೀವಕೋಶ ಮಟ್ಟದ ಕಾರ್ಯವಿಧಾನವನ್ನು ಕಂಡುಹಿಡಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರ ನೊಬೆಲ್ ಪ್ರಶಸ್ತಿ ಸಂದಿತು. ಪರೀಕ್ಷೆಯ ಹೆಸರಿನಲ್ಲಿ ರಾತ್ರಿಯಿಡೀ ಎಚ್ಚರವಿದ್ದು ಹಗಲು ತೂಕಡಿಸುವ ನಮ್ಮ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಹಗಲು ಮತ್ತು ಇರುಳು ದೇಹಕ್ಕೆ ಒಂದೇ ಘಟಕದ ಎರಡು ಪಾಲುಗಳು. ಒಂದನ್ನು ಕಿತ್ತು ಇನ್ನೊಂದಕ್ಕೆ ಅಂಟಿಸಿದರೆ ಅದು ಒಪ್ಪುವುದಿಲ್ಲ.

ಚರಿತ್ರೆ ಓದುವವರಿಗೆ ಒಂದು ಎಚ್ಚರಿಕೆ

ಈ ವಿಷಯ ಪದಕುತೂಹಲಕ್ಕೆ ಮಾತ್ರ ಸೀಮಿತವಲ್ಲ. ನಮ್ಮ ನಾಡಿನ ಚರಿತ್ರೆಯ ಆಕರಗಳನ್ನೇ ತೆಗೆದುಕೊಳ್ಳಿ. ಬಿಜಾಪುರದ ಆದಿಲ್ ಶಾಹಿಗಳ ಫಾರ್ಸಿ ದಾಖಲೆಗಳಲ್ಲಿ ಹಿಜರಿ ದಿನಾಂಕ, ಅದೇ ಕಾಲದ ಕನ್ನಡ ಶಾಸನಗಳಲ್ಲಿ ಶಕ ವರ್ಷ, ತಿಥಿ, ವಾರ, ಪೋರ್ಚುಗೀಸರ ಕಾಗದಗಳಲ್ಲಿ ಯುರೋಪಿನ ತಾರೀಕು ಇರುತ್ತವೆ. ಗುರುವಾರ ರಾತ್ರಿ ಎಂಟು ಗಂಟೆಗೆ ಒಂದು ಘಟನೆ ನಡೆಯಿತೆನ್ನಿ. ಹಿಜರಿ ಲೆಕ್ಕದಲ್ಲಿ ಅದು ಆಗಲೇ ಶುಕ್ರವಾರ. ಪಂಚಾಂಗ ಮತ್ತು ಯುರೋಪಿನ ಲೆಕ್ಕದಲ್ಲಿ ಇನ್ನೂ ಗುರುವಾರ. ಅದೇ ರಾತ್ರಿ ಎರಡು ಗಂಟೆಗೆ ನಡೆದಿದ್ದರೆ ಹಿಜರಿಯಲ್ಲೂ ಯುರೋಪಿನ ಲೆಕ್ಕದಲ್ಲೂ ಶುಕ್ರವಾರ, ಪಂಚಾಂಗದಲ್ಲಿ ಮಾತ್ರ ಗುರುವಾರ. ಮೂರು ದಾಖಲೆಗಳೂ ಸತ್ಯವನ್ನೇ ಹೇಳುತ್ತಿರುತ್ತವೆ. ಇದನ್ನು ಅರಿಯದ ಓದುಗ ಒಂದನ್ನು ಸುಳ್ಳೆಂದು ತಳ್ಳಿಬಿಡುತ್ತಾನೆ.

ದಾಖಲೆಗಳ ವಿಷಯದಲ್ಲಿ ನಿಜವಾದದ್ದು ಮನುಷ್ಯರ ವಿಷಯದಲ್ಲೂ ನಿಜ. ನೆರೆಯವನ ಹಬ್ಬ ಹಿಂದಿನ ಸಂಜೆಯೇ ಏಕೆ ಶುರುವಾಯಿತು, ಇನ್ನೊಬ್ಬನ ವ್ರತ ಸೂರ್ಯೋದಯಕ್ಕೇ ಏಕೆ ಕಾಯುತ್ತದೆ ಎಂಬುದಕ್ಕೆ ಕಾರಣವಿದೆ. ಆ ಕಾರಣವನ್ನು ಅಲ್ ಬಿರೂನಿ ಸಾವಿರ ವರ್ಷಗಳ ಹಿಂದೆ ಕೇಳಿ ತಿಳಿದು ಬರೆದಿಟ್ಟರು. ಕೇಳದೆಯೇ ತೀರ್ಪು ಕೊಡುವವರ ಸಂಖ್ಯೆ ಹೆಚ್ಚಿರುವ ಈ ಕಾಲದಲ್ಲಿ ಅವರ ಕ್ರಮ ನಮಗೆ ದಾರಿಯಾಗಬೇಕು.

ವಿದ್ಯಾರ್ಥಿ ಮಿತ್ರರಿಗೆ ಒಂದು ಸಣ್ಣ ಕೆಲಸ ಹೇಳಿ ಲೇಖನ ಮುಗಿಸುತ್ತೇನೆ. ನಿಮ್ಮ ಮಸೀದಿಯ ವೇಳಾಪಟ್ಟಿಯಿಂದ ಪ್ರತಿ ತಿಂಗಳ 1 ಮತ್ತು 15ನೇ ತಾರೀಕಿನ ಝುಹ್ರ್ ಆರಂಭದ ಸಮಯವನ್ನು ಬರೆದುಕೊಳ್ಳಿ. ಅವನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿ ಗೆರೆ ಎಳೆಯಿರಿ. ವರ್ಷದಲ್ಲಿ ಎರಡು ಬಾರಿ ಏರಿ ಎರಡು ಬಾರಿ ಇಳಿಯುವ ಒಂದು ಅಂಕುಡೊಂಕು ರೇಖೆ ಮೂಡುತ್ತದೆ. ಅದರ ಮೇಲೆ 'ತ‌ಅದೀಲುಲ್ ಅಯ್ಯಾಮ್ ಬಿ ಲಯಾಲೀಹಾ' ಎಂದು ಬರೆಯಿರಿ. ಬೇಕಿದ್ದರೆ ಕೆಳಗೆ ಅಹೋರಾತ್ರ ಎಂದೂ, ನಿಕ್ಥೆಮೆರಾನ್ ಎಂದೂ ಸೇರಿಸಿ. ಮೂರೂ ಆ ಒಂದೇ ರೇಖೆಯ ಹೆಸರುಗಳಿಗೆ ಹೊಂದುವ ಪದಗಳೇ.